ಇಂಡಿಗೆ ಒಯ್ದ ಹಾಳೆಗಳು

ಏಪ್ರಿಲ್ ೧೪, ಸಿಂದಗಿ

ಬಂದ ಬಳಗವೆಲ್ಲ ಇವತ್ತಿಗೆ ಖಾಲಿಯಾಯಿತು. ಕೊನೆಗೆ ಉಳಿದಿದ್ದ ಮುದ್ದೇಬಿಹಾಳದ ನನ್ನ ತಂಗಿಯೂ ಮಧ್ಯಾಹ್ನದ ಬಸ್ಸಿಗೆ ಹೋದಳು. ಹೋಗುವಾಗ ನನ್ನ ಎರಡೂ ಕೈ ಹಿಡಿದು, "ಅಕ್ಕಾ, ಒಂದ್ಸಲ ಅತ್ತಬಿಡು, ಎದಿ ಹಗರಾಗ್ತೈತಿ" ಅಂದಳು. "ಬಸ್ಸು ಹೋಗ್ತೈತಿ, ನಡಿ" ಅಂದೆ. ಮಂದಿಯ ಮುಂದೆ ಅಳುವುದು ನನಗೆ ಬರುವುದಿಲ್ಲ. ಒಳಗೇ ಇಟ್ಟುಕೊಂಡರೆ ನಿದ್ದೆ ಬರುವುದಿಲ್ಲ. ಎಸ್ಸೆಸ್ಸೆಲ್ಸಿ ಪಾಸಾದಮೇಲೆ ಅಂಗಡಿಯ ಲೆಕ್ಕ ಬಿಟ್ಟು ಬೇರೇನೂ ಬರೆದವಳಲ್ಲ. ಆದರೂ ಅಕ್ಷರ ಇನ್ನೂ ದುಂಡಗಿವೆ. ಯಾರಿಗೂ ತೋರಿಸಲಿಕ್ಕಲ್ಲ ಇದು.

ಹಿರಿಯ ಮಗ ಫಿರೋಜ ರಂಜಾನ್ ಹಬ್ಬ ಮುಗಿದ ಮೇಲೆ ಕೆಲಸಕ್ಕೆ ಹೋದ ಮೊದಲ ದಿನವೇ, ಬಸವನ ಬಾಗೇವಾಡಿಯಲ್ಲಿ ಕಟ್ಟುತ್ತಿದ್ದ ಮನೆಯ ಸೆಂಟ್ರಿಂಗ್ ಮೇಲಿಂದ ಜಾರಿ ಬಿದ್ದ. ಅದಕ್ಕಿಂತ ಹೆಚ್ಚು ಬರೆಯುವುದಿಲ್ಲ.

ನಮ್ಮದು ನದಾಫರ ಮನೆತನ. ಅರಳೆ ಹಿಂಜಿ ಗಾದಿ ತುಂಬುವುದು ಕಸುಬು. ಗಂಡ ತೀರಿಕೊಂಡಮೇಲೆ ಅಂಗಡಿ ನಾನೇ ನಡೆಸಿದೆ, ಯಾರ ಮುಂದೂ ಕೈ ಚಾಚಲಿಲ್ಲ. ಫಿರೋಜನಿಗೆ ಅರಳೆಯ ಧೂಳು ಒಗ್ಗಲಿಲ್ಲ, ಕಟ್ಟಡದ ಕೆಲಸಕ್ಕೆ ಹೋದ. ಈಗ ಅಂಗಡಿಯಲ್ಲಿ ನಾನು, ಸಣ್ಣ ಮಗ ಸರ್ಫರಾಜ.

ಫಿರೋಜನ ಹೆಂಡತಿ ಇದ್ದತ್‌ಗೆ ಕೂತಿದ್ದಾಳೆ. ಗಂಡ ಸತ್ತ ಹೆಣ್ಣು ನಾಲ್ಕು ತಿಂಗಳು ಹತ್ತು ದಿನ ಮನೆಯ ಹೊಸ್ತಿಲು ದಾಟುವಂತಿಲ್ಲ. ನಾನೂ ಕೂತವಳೇ. ಮಕ್ಕಳಿಲ್ಲ ಆಕೆಗೆ. ಇಂಡಿ ಊರಿನ ಕಾಲೇಜಿನಲ್ಲಿ ನಕ್ಷೆ ತೆಗೆಯುವ ಕೋರ್ಸಿಗೆ ಅವನೇ ಹಾಕಿದ್ದ, ಇದು ಎರಡನೆಯ, ಕೊನೆಯ ವರ್ಷ. "ಅವ್ವಾ, ಸೈಟಿನ್ಯಾಗ ನೆರಳಾಗ ಕುಂದ್ರಾಂವ ಒಬ್ಬನ, ನಕ್ಷಾ ತೆಗ್ಯಾಂವ. ನಜಮಾ ನೆರಳಾಗ ಕುಂದರ್ಲಿ" ಅನ್ನುತ್ತಿದ್ದ. ನನಗೆ ಆಗಲೂ ಮನಸ್ಸಿರಲಿಲ್ಲ. ಆಕೆಯ ಕಟ್ಟಿಗೆಯ ಹಲಗೆ, ಉದ್ದನೆಯ ಸ್ಕೇಲು, ಸುರುಳಿ ಸುತ್ತಿದ ಹಾಳೆಗಳು ಕೋಣೆಯ ತುಂಬ ಬಿದ್ದಿದ್ದವು. ಎಲ್ಲ ಎತ್ತಿ ಅಟ್ಟಕ್ಕೆ ಹಾಕು ಅಂತ ಸರ್ಫರಾಜನಿಗೆ ಹೇಳಿದೆ. ಆ ವ್ಯವಹಾರ ಮುಗಿಯಿತು.

ಏಪ್ರಿಲ್ ೧೯

ಕಾಲೇಜಿನಿಂದ ಫೋನು. ಫಿರೋಜನ ಹೆಂಡತಿ ತಾನು ಎತ್ತದೆ ನನ್ನ ಕೈಗೆ ಕೊಟ್ಟಳು.

"ಅಮ್ಮಾರ, ನಾ ಭುವನೇಶ್ವರಿ ಮಾತಾಡಾಕತ್ತೇನ್ರಿ, ನಜಮಾಗ ಡ್ರಾಯಿಂಗ್ ಕಲಸೂ ಟೀಚರ್. ಆಕಿ ಪಾಡೇನು?"

"ಮನ್ಯಾಗ ಅದಾಳ."

"ಹಾಜರಿದೇನು ಚಿಂತಿ ಮಾಡಬ್ಯಾಡ್ರಿ, ಇಲ್ಲೀ ತನಾ ಒಂದ ದಿನಾನೂ ತಪ್ಪಿಸಿಲ್ಲ. ಪ್ರಿನ್ಸಿಪಾಲರಿಗೆ ಹೇಳೇವಿ. ಉಳದ ಹಾಳಿ ಮನ್ಯಾಗ ತಗದು ಕಳಸಿದ್ರ ನಡೀತೈತ್ರಿ. ಜುಲೈದಾಗ ಪರೀಕ್ಷಾ ಒಂದ ಇಲ್ಲಿ ಬಂದು ಬರೀಬೇಕು."

ಜುಲೈ ಮಾತು ಜುಲೈಗೆ ಅಂದು ಇಟ್ಟೆ.

ಒಳಗೆ ಹೋಗಿ ನೋಡಿದರೆ ಆಕೆ ಗೋಡೆಗೆ ಮುಖ ಮಾಡಿ ಕೂತಿದ್ದಳು. ಹೊತ್ತು ಹುಟ್ಟಿದಾಗಿನಿಂದ ಹಾಗೇ. ಕೈಗೆ ಕೆಲಸವಿಲ್ಲದ ಹೆಣ್ಣಿಗೆ ಹುಚ್ಚು ಹಿಡಿಯುವುದು ನಾನು ನೋಡಿದ್ದೇನೆ. ಮನೆಯ ಒಳಗೇ ಕೂತು ಗೆರೆ ಎಳೆದರೆ ಯಾವ ಕಟ್ಟಳೆಯೂ ಮುರಿಯುವುದಿಲ್ಲ. ಫೀ ಬೇರೆ ಮಗನ ಬೆವರಿನದು. ಅಟ್ಟದಿಂದ ಹಲಗೆ ಇಳಿಸಲು ಹೇಳಿದೆ. "ಇಳಸೂದಿದ್ರ ಹತ್ತಿಸಿದ್ದ್ಯಾಕ?" ಅಂದ ಸರ್ಫರಾಜ. ಅವನ ಬಾಯಿ ಉದ್ದ.

"ಬೇಕಾದ್ರ ತಗಿ" ಅಂತ ಆಕೆಗೆ ಹೇಳಿದೆ.

"ನೀವು ಹ್ಯಾಂಗ ಹೇಳ್ತೀರಿ ಹಂಗ್ರಿ, ಅತ್ತಿ" ಅಂದಳು. ಯಾವುದಕ್ಕೂ ಅದೇ ಉತ್ತರ. ಸೊಸೆ ಅಂದರೆ ಹಾಗೇ ಇರಬೇಕು, ಸರಿ.

ಏಪ್ರಿಲ್ ೨೯

ಮೊದಲ ಹಾಳೆ ಸರ್ಫರಾಜನ ಕೈಯಲ್ಲಿ ಕಳಿಸಿದೆ. ಬೈಕಿನ ಹಿಂದೆ ಕಟ್ಟಿಕೊಂಡು ಹೋದ, ಗಾಳಿಗೆ ಎರಡು ಕಡೆ ಮುರಿಯಿತು. ಟೀಚರು ತೆಗೆದುಕೊಳ್ಳಲಿಲ್ಲವಂತೆ. "ಆ ಹುಡುಗೇರ ನಡುವ ನಾ ಮತ್ತ ಹೋಗೂದಿಲ್ಲ ನೋಡು" ಅಂತ ಬಂದು ಚಪ್ಪಲಿ ಬಿಟ್ಟ. ಫಿರೋಜನ ಹೆಂಡತಿ ಹೊಸ ಹಾಳೆ ಹಚ್ಚಿದಳು.

ಮೇ ೭

ಇವತ್ತು ನಡೆದದ್ದರಲ್ಲಿ ನನ್ನ ತಪ್ಪೇನೂ ಇಲ್ಲ.

ಆಕೆ ಎರಡು ಹಾಳೆ ತೆಗೆದು ಮುಗಿಸಿದ್ದಳು. ಸುರುಳಿಯಾಗಿದ್ದ ಹಾಳೆ ನೆಟ್ಟಗೆ ನಿಲ್ಲದೆ ತುದಿ ಎದ್ದೇಳುತ್ತಿದ್ದವು. ನಮ್ಮ ಮನೆಯಲ್ಲಿ ಸೀರೆ ಮುದುಡಿದರೂ, ಮದುವೆಯ ಕಾರ್ಡು ಬಾಗಿದರೂ ಹೊಸ ಗಾದಿಯ ಕೆಳಗೆ ಇಡುವುದು ರೂಢಿ. ರಾತ್ರಿ ಮಲಗಿ ಎದ್ದರೆ ಇಸ್ತ್ರಿ ಹೊಡೆದ ಹಾಗೆ ಆಗಿರುತ್ತದೆ. ಕನ್ನೊಳ್ಳಿಯ ಒಂದು ಮದುವೆಗೆ ತುಂಬಿದ ಗಾದಿ ಮನೆಯಲ್ಲೇ ಇತ್ತು. ಆಕೆಗೆ ಹೇಳದೆ ಅದರ ಕೆಳಗೆ ಹಾಳೆ ಇಟ್ಟು ಮೇಲೆ ನಾನೇ ಮಲಗಿದೆ. ಒಳ್ಳೆಯದಾಗಲಿ ಅಂತ ಮಾಡಿದ್ದು.

ಬೆಳಿಗ್ಗೆ ತೆಗೆದರೆ ಗೆರೆಗಳೆಲ್ಲ ಹೊಗೆಯಾಗಿದ್ದವು. ಮೇಲಿನ ಹಾಳೆಯ ಮಸಿ ಕೆಳಗಿನದಕ್ಕೆ ಹತ್ತಿತ್ತು, ಅರಳೆಯ ಎಳೆ ಅಂಟಿತ್ತು. ಆಕೆ ಬಹಳ ಹೊತ್ತು ಹಾಳೆ ನೋಡಿದಳು. ಆಮೇಲೆ ಮಡಚಿ ಒಲೆಯ ಹತ್ತಿರ ಇಟ್ಟು ಪೆನ್ಸಿಲ್ ಚೂಪು ಮಾಡಲು ಕೂತಳು. ಒಂದು ಮಾತು ಬೈದಿದ್ದರೆ ನಾನೂ ಎರಡು ಮಾತು ಆಡಿ ಮುಗಿಸುತ್ತಿದ್ದೆ.

ಮಧ್ಯಾಹ್ನ ರೊಟ್ಟಿ ನಾನೇ ಬಡಿದೆ. ಆಕೆ ಎದ್ದು ಬಂದಳು. "ಕುಂದರು, ಕೈಗಿ ಹಿಟ್ಟು ಹತ್ತತೈತಿ" ಅಂದೆ.

ಮೇ ೧೨

ಫಿರೋಜನ ಚಾಳೀಸವಾ, ನಲವತ್ತನೆಯ ದಿನ. ಕುರಾನ್ ಓದಿಸಿದೆವು, ಉಣಿಸಿದೆವು. ಮೌಲಾನಾ ಜೈನುದ್ದೀನರು ದುವಾ ಮಾಡಿದರು. ಸಂಜೆ ಅವನ ಅಂಗಿಗಳನ್ನು ಮಸೀದಿಗೆ ಕೊಟ್ಟೆ. ಒಂದನ್ನು ಕೊಡಲಿಲ್ಲ.

ಮೇ ೨೭

ಹಾಳೆ ನಾನೇ ಒಯ್ದೆ. ಬಸ್ಸಿನಲ್ಲಿ ತೊಡೆಯ ಮೇಲೆ ಕೂಸಿನ ಹಾಗೆ ಇಟ್ಟುಕೊಂಡು ಕೂತಿದ್ದೆ. ಪಕ್ಕದವಳು ಕೂಡಲಿಕ್ಕೆ ಜಾಗ ಕೇಳಿದಾಗ, "ಸರ್ಕೋಳಾಕ ಆಗೂದಿಲ್ಲ, ಇದರಾಗ ಮನಿ ಐತಿ" ಅಂದೆ. ಆಕೆ ಒಂಥರಾ ನೋಡಿದಳು.

ಕಾಲೇಜಿನಲ್ಲಿ ಉದ್ದನೆಯ ಕೋಣೆ, ಎತ್ತರದ ಮೇಜುಗಳು, ಎಲ್ಲರೂ ನಿಂತೇ ಗೆರೆ ಎಳೆಯುತ್ತಿದ್ದರು. ಮೀಸೆ ಮೂಡದ ಒಬ್ಬ ನನ್ನನ್ನೂ ನನ್ನ ಕೈಯ ಸುರುಳಿಯನ್ನೂ ನೋಡಿ, "ಅಮ್ಮಾರ, ನಿಮ್ದೂ ಅಡ್ಮಿಶನ್ ಏನ್ರಿ?" ಅಂದ.

"ಹೌದಪಾ. ನಿನ್ನ ಪಾಸ ಮಾಡಿ ಹೊರಗ ಹಾಕಾಕ ಬಂದೇನಿ" ಅಂದೆ. ಎಲ್ಲ ನಕ್ಕರು.

ಭುವನೇಶ್ವರಿ ಮೇಡಂ ಸಣ್ಣ ವಯಸ್ಸಿನವಳು. ಹಾಳೆ ಬಿಚ್ಚಿ ಮೂಲೆಯಿಂದ ಮೂಲೆಗೆ ಕಣ್ಣಾಡಿಸಿದಳು. ತಪ್ಪು ಹುಡುಕುತ್ತಿದ್ದಾಳೆ ಅಂತ ನಾನು ಗಟ್ಟಿಯಾಗಿ ನಿಂತೆ. "ಈ ವರ್ಷ ಇಂಥಾ ಹಾಳಿ ನನ್ನ ಮೇಜಿಗಿ ಬಂದಿಲ್ರಿ" ಅಂದಳು. ಆಮೇಲೆ ನನಗೂ ತೋರಿಸಿದಳು. ಕಾಣುವ ಅಂಚಿಗೆ ದಪ್ಪ ಗೆರೆ, ಮರೆಯಾದದ್ದಕ್ಕೆ ತುಂಡು ತುಂಡು ಗೆರೆ, ಅಳತೆಗೆ ತೆಳುವಾದದ್ದು. ಒಂದು ಚಿತ್ರ ನನಗೆ ತಿಳಿಯಲಿಲ್ಲ.

"ಇದು ಸೆಕ್ಷನ್ನರಿ. ಮನಿನ್ನ ನಟ್ಟನಡುವ ಕೊಯ್ದು, ಆ ಕಡಿ ಭಾಗ ತಗದಿಟ್ಟು ಒಳಗ ನೋಡಿದಂಗ. ಹೊರಗಿಂದ ಗ್ವಾಡಿ ಅಷ್ಟ ಕಾಣ್ತೈತಿ. ಇದರಾಗ ಪಾಯಾನೂ ಕಾಣ್ತೈತಿ."

ಹೋಗುವಾಗ ಇನ್ನೊಂದು ಹೇಳಿದಳು. ಆಲಮಟ್ಟಿಯಲ್ಲಿ ಕಾಲುವೆ ಕೆಲಸದ ಒಬ್ಬ ಗುತ್ತೇದಾರ ಇದ್ದಾನೆ. ಅವನಿಗೆ ನಕ್ಷೆ ತೆಗೆಯುವವರು ಬೇಕು. ಫಿರೋಜ ಹೋಗಿ ಮಾತಾಡಿ ಬಂದಿದ್ದನಂತೆ. ಜುಲೈಯಲ್ಲಿ ಪಾಸಾದರೆ ಆಗಸ್ಟಿಗೆ ಕರೆದುಕೊಳ್ಳುತ್ತೇನೆ ಅಂದಿದ್ದಾನೆ. ಫೇಲಾದರೆ ಬೇರೆಯವರನ್ನು ನೋಡಿಕೊಳ್ಳುತ್ತಾನೆ. ನನ್ನ ಮಗ ಆಲಮಟ್ಟಿಗೆ ಹೋದದ್ದು ನನಗೇ ಗೊತ್ತಿರಲಿಲ್ಲ.

ತಿರುಗಿ ಬರುವಾಗ ದಾರಿಯ ಮನೆಗಳನ್ನೆಲ್ಲ ಕೊಯ್ದು ನೋಡಿಕೊಂಡು ಬಂದೆ.

ಜೂನ್ ೮

ನಿನ್ನೆ ಬಕ್ರೀದ್. ಹೊಸ ಬಟ್ಟೆ ಇಲ್ಲ, ಏನಿಲ್ಲ.

ಇವತ್ತು ಈಗಾಗಲೇ ಇರುವ ಒಂದು ಕಟ್ಟಡವನ್ನು ಅಳೆದು ನಕ್ಷೆ ಮಾಡುವ ಹಾಳೆ. ಉಳಿದ ಹುಡುಗರು ಪಂಚಾಯಿತಿ ಕಟ್ಟೆ, ಶಾಲೆ ಅಳೆಯುತ್ತಾರೆ. ನಜಮಾ ಹೊರಗೆ ಹೋಗುವಂತಿಲ್ಲ, ನಮ್ಮ ಮನೆಯನ್ನೇ ಅಳೆದಳು. ಟೇಪಿನ ಇನ್ನೊಂದು ತುದಿ ನಾನು ಹಿಡಿದೆ. ಪಡಸಾಲೆ, ಅಡಿಗೆಮನೆ, ಅರಳೆಯ ಕೋಣೆ. ನನ್ನ ಗಂಡ ಕಟ್ಟಿಸಿದ ಮನೆ ಎಲ್ಲೂ ಚೌಕವಿಲ್ಲ. ಒಂದು ಕಡೆಗಿಂತ ಇನ್ನೊಂದು ಕಡೆ ನಾಲ್ಕು ಬೆರಳು ಜಾಸ್ತಿ. "ನಮ್ಮ ಮಾವಾರು ಕಣ್ಣ ಅಳತಿಲೆ ಕಟ್ಟ್ಯಾರ" ಅಂದಳು. ನಗು ಬಂದಿತ್ತು ಆಕೆಗೆ. ಎರಡು ತಿಂಗಳಲ್ಲಿ ಮೊದಲ ಸಲ.

"ಅವ್ರ ಕಣ್ಣು ಹಂಗ ಇತ್ತು. ನನ್ನ ಎತ್ತರಾನೂ ತಪ್ಪ ಹೇಳ್ತಿದ್ರು" ಅಂದೆ.

ಕೊನೆಗೆ ಅವರಿಬ್ಬರ ಕೋಣೆ. ಬಾಗಿಲಿನ ಎತ್ತರ ಹಿಡಿಯುವಾಗ, "ಇಲ್ಲಿ ಇವ್ರು ಬಗ್ಗಿ ಬರ್ತಿದ್ರು" ಅಂದಳು. ಟೇಪಿನ ತುದಿ ಹಿಡಿದವರು ಅಲುಗಬಾರದು. ನಾನು ಅಲುಗಲಿಲ್ಲ. ಆಕೆ ಬರೆದುಕೊಂಡಳು.

ಜೂನ್ ೧೯

ಕೊಲ್ಹಾರದಿಂದ ನಜಮಾಳ ಅಪ್ಪ ಯಾಕೂಬಸಾಬ ಬಂದಿದ್ದ. ಹಿನ್ನೀರಿನಲ್ಲಿ ಮೀನು ಹಿಡಿದು ಮಾರುವವನು, ಮೆತ್ತಗಿನ ಮನುಷ್ಯ. ಒಂದು ಬುಟ್ಟಿ ಮೀನು ತಂದಿದ್ದ. ಚಹಾ ಕುಡಿದು ಎಷ್ಟೋ ಹೊತ್ತು ಕಪ್ಪು ಕೈಯಲ್ಲೇ ತಿರುವುತ್ತಿದ್ದ.

"ಬೀಗತಿಯರ, ಸಿಟ್ಟಾಗಬ್ಯಾಡ್ರಿ. ಇದ್ದತ್ ಮುಗಿಯೂ ತನಾ ಮಾತು ಎತ್ತಬಾರದು, ಗೊತ್ತೈತಿ. ಬಾಗೇವಾಡಿಯಾಗ ಒಬ್ಬಾಂವ ಅದಾನ. ಹೆಂಡ್ತಿ ತೀರಿಕೊಂಡಾಳ. ಅಂಗಡಿ ಐತಿ. ಮಕ್ಳಿಲ್ಲದ ಹುಡಿಗಿ ಎಷ್ಟು ದಿನಾ ನಿಮಗ ಭಾರ ಆಗ್ಬೇಕು?"

"ಭಾರ ಅಂತ ನಾ ಯಾವಾಗ ಹೇಳಿದೆ?"

"ನೀವು ಹೇಳಿಲ್ಲ. ಆದ್ರ ಮುಂದ?"

"ಮುಂದ ಆಕಿ ಪಾಸಾಗ್ತಾಳ. ಆಲಮಟ್ಟಿಗಿ ಕೆಲಸಕ್ಕ ಹೋಗ್ತಾಳ. ನೀ ಹಿಡಿಯೂ ಮೀನಿಗಿ ನೀರು ಬಿಡೂ ಕಾಲುವಿ ಎಲ್ಲಿ ಕಡೀಬೇಕು ಅಂತ ಆಕಿ ಗೆರಿ ಹಾಕ್ತಾಳ. ತಿಳೀತಿಲ್ಲೋ?"

ಅವನು ನನ್ನನ್ನು ಪಿಳಿಪಿಳಿ ನೋಡಿದ. "ಪಾಸಾದ್ರ ಚಲೋನ ಆತ್ರಿ. ನಾ ಬ್ಯಾಡ ಅನ್ನಾಂವಲ್ಲ" ಅಂದು ಎದ್ದ. ಇವನಿಗೆ ಮೀನು ಬಿಟ್ಟರೆ ಏನು ತಿಳಿಯುತ್ತದೆ.

ಜೂನ್ ೩೦

ಹಾಳೆಗಳೆಲ್ಲ ಮುಗಿದವು. ಕೊನೆಯ ಕಟ್ಟು ಕೊಟ್ಟು ಬಂದೆ. ಈಗ ಮೇಡಂ ಹಾಳೆ ಬಿಚ್ಚುವ ಮೊದಲೇ ನಾನು ನೋಡಿರುತ್ತೇನೆ. ಮಾಳಿಗೆ ಹತ್ತುವ ಜಿನೆಯಲ್ಲಿ ಒಂದು ಮೆಟ್ಟಿಲು ಸಣ್ಣದಾಗಿತ್ತು, ಮನೆಯಲ್ಲೇ ಹಿಡಿದು ಅಳಿಸಿ ಮತ್ತೆ ಎಳೆಸಿದೆ. ಸರ್ಫರಾಜ ಆಡಿಕೊಳ್ಳುತ್ತಾನೆ: "ಅವ್ವ ಇಂಜಿನಿಯರ್ ಆದ್ಲು, ಗಾದಿಗೂ ಪ್ಲ್ಯಾನ್ ಕೇಳ್ತಾಳ." ಕೇಳಿದರೆ ತಪ್ಪೇನು? ಮುದ್ದೇಬಿಹಾಳದ ಹಾಸ್ಟೆಲಿಗೆ ಕಳಿಸಿದ ಗಾದಿಗಳಲ್ಲಿ ಒಂದಾದರೂ ಮಂಚಕ್ಕೆ ಸರಿಯಾಗಿ ಕೂತಿದೆಯೇ?

ಜುಲೈ ೯

ಪರೀಕ್ಷೆ ಇಪ್ಪತ್ತೆರಡಕ್ಕೆ. ಇದ್ದತ್ ಮುಗಿಯುವುದು ಆಗಸ್ಟಿಗೆ. ಪ್ರ್ಯಾಕ್ಟಿಕಲ್ಲಿಗೆ ಬರಲೇಬೇಕು, ಬೇರೆ ದಾರಿಯಿಲ್ಲ ಅಂತ ಮೇಡಂ ಫೋನಿನಲ್ಲಿ ಮತ್ತೆ ಮತ್ತೆ ಹೇಳಿದಳು. ಇಷ್ಟು ದಿನ ಈ ಮಾತನ್ನು ನಾನೂ ಎತ್ತಿರಲಿಲ್ಲ, ನಜಮಾಳೂ ಎತ್ತಿರಲಿಲ್ಲ.

ನಾನೇ ಮೌಲಾನಾರಿಗೆ ಹೇಳಿ ಕಳಿಸಿದೆ. ಮಸೀದಿ ಕಮಿಟಿಯ ಇಬ್ಬರನ್ನೂ ಕರೆದುಕೊಂಡು ಬಂದರು. ನಜಮಾ ಅಡಿಗೆಮನೆಯಲ್ಲಿದ್ದಳು, ನಡುವೆ ಪರದೆ.

ಎಲ್ಲ ಕೇಳಿ ಮೌಲಾನಾರು ಹೇಳಿದರು: "ದಾರಿ ಐತ್ರಿ. ಜರೂರತ್ ಇದ್ದ ಹೆಣ್ಣಮಗಳು ಹಗಲಿನ್ಯಾಗ ಹೊರಗ ಹೋಗಿ, ರಾತ್ರಿ ಆಗೂದರಾಗ ಮನಿಗಿ ಬರಬಹುದು. ದವಾಖಾನಿಗಿ ಇರ್ಲಿ, ಹೊಟ್ಟಿಪಾಡಿಗಿ ಇರ್ಲಿ. ದುಡದು ಹಾಕಾವ್ರು ಯಾರೂ ಇಲ್ಲ ಅಂದ್ರ ಆಕಿ ಕೆಲಸದ ಪರೀಕ್ಷಾನೂ ಜರೂರತ್ತ. ನನಗೇನು ತಕರಾರಿಲ್ಲ."

ನನಗೆ ಎದೆಯ ಮೇಲಿನ ಗಂಟು ಇಳಿದ ಹಾಗಾಯಿತು.

"ನೀವು ಒಂದು ಮಾತು ಅಷ್ಟ ಹೇಳ್ರಿ" ಅಂದರು. "ನಾಳಿ ಮಂದಿ ನನ್ನ ಕೇಳ್ತಾರ. ಫಿರೋಜನ ಮನ್ಯಾಗ ಆಕಿನ್ನ ಸಾಕಾಕ ಆಗೂದಿಲ್ಲ, ಅದಕ್ಕ ಆಕಿ ಹೊರಬೀಳಬೇಕಾತು ಅಂತ ನಾ ಹೇಳ್ಬೇಕಲ್ರಿ. ಹೌದಿಲ್ಲೋ?"

ಕಮಿಟಿಯ ಇಬ್ಬರೂ ನನ್ನ ಮುಖ ನೋಡುತ್ತಿದ್ದರು. ಅವರಲ್ಲಿ ಒಬ್ಬನ ಮಗಳ ಮದುವೆಗೆ ಎಂಟು ಗಾದಿ ನಾನು ಹಾಗೇ ಕೊಟ್ಟಿದ್ದೆ. ಈ ಮನೆಯಲ್ಲಿ ಉಂಡು ಹೋಗದವರು ಈ ಓಣಿಯಲ್ಲಿ ಯಾರಿದ್ದಾರೆ?

"ನನ್ನ ಸೊಸಿನ್ನ ಸಾಕಾಕ ನನಗ ಯಾರ ಆಸರಾನೂ ಬ್ಯಾಡ್ರಿ" ಅಂದೆ. "ಆಕಿಗಿ ಇಲ್ಲಿ ಏನೂ ಕಡಿಮಿ ಇಲ್ಲ."

"ಹಂಗಿದ್ರ ಜರೂರತ್ ಎಲ್ಲಿ ಬಂತ್ರಿ?" ಅಂದರು ಮೌಲಾನಾರು, ಬಹಳ ಮೆತ್ತಗೆ. ಇನ್ನೊಂದು ಸಲ ಕೇಳಿದರು ಕೂಡ: "ವಿಚಾರ ಮಾಡಿ ಹೇಳ್ರಿ, ನಾಳಿ ಹೇಳಿದ್ರೂ ನಡೀತೈತಿ."

"ವಿಚಾರ ಮಾಡಾಕೇನೈತಿ" ಅಂದೆ.

ಪರದೆಯ ಆಚೆ ರೊಟ್ಟಿ ಬಡಿಯುವ ಸಪ್ಪಳ ನಿಂತಿತ್ತು. ಸ್ವಲ್ಪ ಹೊತ್ತಿಗೆ ಮತ್ತೆ ಶುರುವಾಯಿತು.

ಜುಲೈ ೧೧

ಸರ್ಫರಾಜ ನನ್ನ ಜೊತೆ ಊಟಕ್ಕೆ ಕೂರುತ್ತಿಲ್ಲ.

"ಅವ್ವಾ, ನಿನ್ನ ಮೂಗು ಬಸ್‌ಸ್ಟ್ಯಾಂಡಿನಿಂದ ಕಾಣ್ತೈತಿ" ಅಂದ. "ಒಂದು ಹೌದು ಅಂದಿದ್ರ ಏನು ಉದರಿ ಬೀಳ್ತಿತ್ತು?"

"ಮರ್ಯಾದಿ."

"ಯಾರ್ದು?"

ಕೈಯಲ್ಲಿದ್ದ ಚಮಚ ಎಸೆದೆ. ತಾಗಲಿಲ್ಲ.

ಅವನಿಗೇನು ಗೊತ್ತು. ಗಂಡ ಸತ್ತಾಗ ಇದೇ ಕಮಿಟಿಯವರು ಪಡಸಾಲೆಯಲ್ಲಿ ಕೂತು, ಎರಡು ಹುಡುಗರನ್ನು ಹೇಗೆ ಸಾಕುತ್ತೀ, ಅಂಗಡಿ ಮಾರು ಅಂದಿದ್ದರು. ಇಲ್ಲ ಅಂದದ್ದಕ್ಕೇ ಇವತ್ತು ಈ ಮನೆ ನಿಂತಿದೆ. ಅಲ್ಲದೆ ನಜಮಾ ತಾನಾಗಿ ಬಂದು ಹೋಗಬೇಕು ಅಂತ ಒಂದು ಮಾತು ಅಂದಿಲ್ಲ. ಆಕೆಗೇ ಇಲ್ಲದ ಅವಸರ ನನಗೇಕೆ?

ಜುಲೈ ೧೫

ಬರೆಯುವಂಥದ್ದೇನಿಲ್ಲ. ನಜಮಾ ಇನ್ನೂ ದಿನಾ ಹಲಗೆಯ ಮುಂದೆ ಕೂರುತ್ತಾಳೆ. ತೆಗೆಯುವ ಹಾಳೆ ಯಾವುದೂ ಉಳಿದಿಲ್ಲ. ಆದರೂ ಕೂರುತ್ತಾಳೆ.

ಜುಲೈ ೨೨

ಇಂಡಿಗೆ ಹೋಗಿದ್ದೆ. ಯಾರಿಗೂ ಹೇಳದೆ ಹೋದೆ.

ಮೇಡಂ ಬಾಗಿಲಿನಲ್ಲೇ ಸಿಕ್ಕಳು, ನನ್ನ ಹಿಂದೆ ಮುಂದೆ ನೋಡಿದಳು. "ನಜಮಾ ಎಲ್ರಿ?"

"ಬಂದಿಲ್ಲ. ನೀವ ನಮ್ಮ ಮನಿಗಿ ಬರ್ರಿ. ಹಲಗಿ ಐತಿ, ಮೇಜ ಐತಿ. ಬಾಗಲಾ ಹಾಕ್ಕೊಂಡು ಕುಂದರ್ಸಿ ಬರಸ್ರಿ. ನಾ ಮಗ್ಗಲಕ್ಕೂ ಬರೂದಿಲ್ಲ."

ಜೀವನದಲ್ಲಿ ಯಾರ ಹತ್ತಿರವೂ ಹೀಗೆ ಕೇಳಿದವಳಲ್ಲ.

"ಅಮ್ಮಾರ, ಹಂಗ ಆಗೂದಿಲ್ರಿ. ಹೊರಗಿಂದ ಪರೀಕ್ಷಾ ತಗೊಳ್ಳಾವ್ರು ಬಂದಾರ. ಇಲ್ಲಿ, ಇವತ್ತ, ಅವ್ರ ಕಣ್ಣ ಮುಂದ. ಈಗರ ಫೋನ್ ಮಾಡ್ರಿ, ಅರ್ಧಾ ತಾಸ ತಡಾ ಆದ್ರ ನಾ ಕೇಳ್ಕೋತೀನಿ."

ಸಿಂದಗಿಯಿಂದ ಇಂಡಿಗೆ ಅರ್ಧ ತಾಸಿನಲ್ಲಿ ಯಾವ ಬಸ್ಸೂ ಬರುವುದಿಲ್ಲ. ಆಕೆಗೂ ಗೊತ್ತು, ನನಗೂ ಗೊತ್ತು.

ಕಿಟಕಿಯ ಹೊರಗೆ ಕಟ್ಟೆಯ ಮೇಲೆ ಕೂತೆ. ಒಳಗೆ ಒಂದು ಮೇಜು ಖಾಲಿ ಇತ್ತು. ಅದರ ಮೇಲೂ ಒಂದು ಬಿಳಿ ಹಾಳೆ ಹಚ್ಚಿಟ್ಟಿದ್ದರು. ಅವತ್ತು ನನ್ನನ್ನು ಅಡ್ಮಿಶನ್ ಏನು ಅಂತ ಕೇಳಿದ್ದ ಹುಡುಗ ಪಕ್ಕದ ಮೇಜಿನಲ್ಲಿ ಬೆವರುತ್ತಿದ್ದ. ಎಲ್ಲ ಮುಗಿದು ಹೊರಬಂದಾಗ ಅವನನ್ನೇ ಹಿಡಿದು ಪ್ರಶ್ನೆ ಬರೆಸಿಕೊಂಡೆ. ಎರಡು ಮಲಗುವ ಕೋಣೆಯ ಮನೆ, ಪ್ಲ್ಯಾನು, ಎದುರಿನ ನೋಟ, ಒಂದು ಸೆಕ್ಷನ್ನು. ಪ್ರತಿಯೊಂದು ಅಳತೆ ಎರಡೆರಡು ಸಲ ಹೇಳಿಸಿದೆ.

"ನಜಮಾ ಅಕ್ಕಗ ಇದು ಹತ್ತ ನಿಮಿಷದ ಕೆಲಸ್ರಿ" ಅಂದ.

ಜುಲೈ ೨೩

ಬೆಳಿಗ್ಗೆ ಮನೆ ಸಾರಿಸಿ, ಹಲಗೆ ಪಡಸಾಲೆಯಲ್ಲಿ ಬೆಳಕಿಗೆ ಇಟ್ಟು, ಹೊಸ ಹಾಳೆ ನಾನೇ ಹಚ್ಚಿದೆ. ನಾಲ್ಕು ಮೂಲೆಗೂ ಟೇಪು. ಪ್ರಶ್ನೆ ನಜಮಾಳ ಕೈಗೆ ಕೊಟ್ಟು, "ಇವತ್ತ ನಿಂದು ಪರೀಕ್ಷಾ" ಅಂದೆ.

ಯಾಕೆ ಅಂತ ಕೇಳಲಿಲ್ಲ. ಕೈ ತೊಳೆದು ಬಂದು ನಿಂತಳು.

ನಾನು ಎದುರಿಗೆ ಕೂತೆ. ಅಂಗಡಿಗೆ ಹೋಗಲಿಲ್ಲ. ಒಂದು ಸಲ ನೀರು ಕೊಟ್ಟೆ, ಮಾತಾಡಲಿಲ್ಲ. ಬಾಗಿಲಿಗೆ ಬಂದ ಗಿರಾಕಿಯನ್ನು ಕೈಸನ್ನೆಯಲ್ಲೇ ಕಳಿಸಿದೆ. ಸರ್ಫರಾಜ ಊಟಕ್ಕೆ ಬಂದವನು ಹೊಸ್ತಿಲಿನಲ್ಲಿ ನಿಂತು ನೋಡಿ ಸಪ್ಪಳ ಮಾಡದೆ ತಿರುಗಿ ಹೋದ. ಆಕೆಯ ಕೈ ನೋಡುತ್ತ ಕೂತಿದ್ದೆ. ಮೊದಲು ತೆಳ್ಳಗೆ ಗೆರೆಯ ಮೇಲೆ ಗೆರೆ, ಏನೂ ಇಲ್ಲದ ಹಾಗೆ. ಆಮೇಲೆ ಒಂದೊಂದೇ ಗೋಡೆ ದಪ್ಪವಾಗಿ ಎದ್ದಿತು. ಬಾಗಿಲುಗಳು ತೆರೆದವು. ಆ ಮನೆ ಎಲ್ಲ ಕಡೆ ಚೌಕವಾಗಿತ್ತು.

ಬಿಸಿಲು ಇಳಿಯುವಾಗ ಪೆನ್ಸಿಲ್ ಕೆಳಗಿಟ್ಟಳು. ನಾನು ಎದ್ದು ಹಾಳೆಯ ಒಂದು ತುದಿಯಿಂದ ಇನ್ನೊಂದು ತುದಿಗೆ ನೋಡಿದೆ. ಅಡಿಗೆಮನೆಯ ಕಿಟಕಿಗೆ ಒಂದು ಅಳತೆ ಹಾಕುವುದು ಮರೆತಿದ್ದಳು. ಹೇಳಲಿಲ್ಲ. ಹೇಳಿ ಏನು ಮಾಡುವುದು?

"ಮಾರ್ಕ್ಸ್ ಹಾಕ್ರಿ, ಅತ್ತಿ" ಅಂದಳು. ತಮಾಷೆಗೋ ಏನೋ. ಮುಖ ನೋಡಿದರೆ ತಮಾಷೆ ಇರಲಿಲ್ಲ.

ಎದ್ದು ಒಳಗೆ ಹೋದೆ.

ಜುಲೈ ೨೬

ಹಾಳೆಯ ಫೋಟೋ ಸರ್ಫರಾಜ ಮೇಡಂಗೆ ಕಳಿಸಿದ. "ಪಾಸಾಗ್ತಿದ್ಲು" ಅಂತ ಬರೆದಿದ್ದಾಳೆ. ಆಲಮಟ್ಟಿಯ ಗುತ್ತೇದಾರ ಬೇರೆ ಯಾರನ್ನೋ ಕರೆದುಕೊಂಡನಂತೆ.

ಆಗಸ್ಟ್ ೧೧

ಇದ್ದತ್ ಮುಗಿಯಿತು. ಯಾಕೂಬಸಾಬ ಮುಂಜಾನೆಯೇ ಬಂದಿದ್ದ, ಹೊಸ ಸೀರೆ ತಂದಿದ್ದ. ಬಾಗೇವಾಡಿಯವರು ಕಾಯುತ್ತಿದ್ದಾರಂತೆ. "ಮದಿವ್ಯಾದ ಮ್ಯಾಲೂ ಓದಸ್ತೀವಿ ಅಂದಾರ್ರಿ" ಅಂತ ಸೇರಿಸಿದ. ಎಲ್ಲರೂ ಅನ್ನುತ್ತಾರೆ.

ನಾನು ತಡೆಯುತ್ತಿದ್ದೆ. ಇರಲಿ, ಮತ್ತೆ ಪರೀಕ್ಷೆ ಬಂದಾಗ ಬರೆಸುತ್ತೇನೆ ಅನ್ನುವ ಮಾತು ಬಾಯಿಯ ತನಕ ಬಂದಿತ್ತು. ಆದರೆ ಮಗನಿಲ್ಲದ ಮನೆಯಲ್ಲಿ ಸೊಸೆಯನ್ನು ಹಿಡಿದಿಟ್ಟುಕೊಂಡಳು, ದುಡಿಸಿಕೊಳ್ಳಲಿಕ್ಕೆ ಅಂತ ಓಣಿ ಆಡಿಕೊಳ್ಳುತ್ತದೆ. ಆಕೆಯೇ ಕೇಳಬೇಕು. ಅದಕ್ಕೇ ಎಲ್ಲರ ಮುಂದೆ ಆಕೆಯನ್ನು ಕರೆದು ಕೇಳಿದೆ, "ನಿನಗೇನು ಬೇಕು, ಹೇಳು."

"ನೀವು ಹ್ಯಾಂಗ ಹೇಳ್ತೀರಿ ಹಂಗ್ರಿ."

"ನಾ ಹೇಳೂದಲ್ಲ. ನೀ ಹೇಳು. ಬಾಯಾಗ ನಾಲಿಗಿ ಇಲ್ಲೇನು?"

ತಲೆ ತಗ್ಗಿಸಿ ನಿಂತಳು. ಕಾದೆ. ನಾನು ಯಾರ ಉತ್ತರಕ್ಕೂ ಅಷ್ಟು ಹೊತ್ತು ಕಾದವಳಲ್ಲ. ಯಾಕೂಬಸಾಬ ಬಸ್ಸಿನ ಹೊತ್ತಾಯಿತು ಅಂದ. ಆಕೆ ನನ್ನ ಕಾಲು ಮುಟ್ಟಿ ಹೋದಳು. ಹಲಗೆ ಒಯ್ಯಲಿಲ್ಲ.

ಒಂದು ಮಾತು ಕೇಳಿದ್ದರೆ ನಾನೇನು ಬೇಡ ಅನ್ನುತ್ತಿದ್ದೆನೇ?

ಆಗಸ್ಟ್ ೧೯

ಭುವನೇಶ್ವರಿ ಮೇಡಂ ಫೋನ್ ಮಾಡಿದ್ದಳು. ಪರೀಕ್ಷೆ ತಪ್ಪಿದವರಿಗೆ ಇನ್ನೊಂದು ಅವಕಾಶ ಇದೆಯಂತೆ. ಯಾವಾಗ ನಡೆಯುತ್ತದೋ ಹೇಳಲು ಬರುವುದಿಲ್ಲ, ಆರು ತಿಂಗಳಾಗಬಹುದು, ವರ್ಷವೂ ಆಗಬಹುದು. ಅರ್ಜಿ ಮಾತ್ರ ಇದೇ ತಿಂಗಳು ಕೊಡಬೇಕು, ನಜಮಾಳ ಸಹಿ ಬೇಕು. ನಾಳೆಯೇ ಬಂದು ಅರ್ಜಿ ಒಯ್ಯುತ್ತೇನೆ ಅಂದೆ.

ಆಗಸ್ಟ್ ೨೪

ಅರ್ಜಿ ತಂದು ನಾಲ್ಕು ದಿನವಾಯಿತು. ಬೀಗರ ಮನೆಗೆ ಕರೆಯದೆ ಹೋದವಳಲ್ಲ ನಾನು. ಸರ್ಫರಾಜನನ್ನು ಕಳಿಸಲೇ ಅಂದುಕೊಂಡೆ. ಅವನು ಏನಾದರೂ ಒಂದು ಅಂದು ಕೆಲಸ ಕೆಡಿಸುತ್ತಾನೆ. ನಾಳೆ ನಾನೇ ಹೋಗುತ್ತೇನೆ.

ಆಗಸ್ಟ್ ೨೫

ಬಾಗೇವಾಡಿಯಲ್ಲಿ ಬಸ್ಸು ಬದಲಿಸಿ ಕೊಲ್ಹಾರಕ್ಕೆ ಹೋದೆ. ಹಿನ್ನೀರು ತುಂಬಿ ನಿಂತಿತ್ತು, ಹಳೆಯ ಊರು ಇದ್ದ ಕಡೆಯೆಲ್ಲ ನೀರು. ಯಾಕೂಬಸಾಬ ದೋಣಿಗೆ ಹೋಗಿದ್ದ. ನಜಮಾ ಅಂಗಳದಲ್ಲಿ ಬಲೆ ಹರವುತ್ತಿದ್ದಳು. ನನ್ನನ್ನು ಕಂಡು ಗಾಬರಿಯಾಗಿ ಚಾಪೆ ಹಾಸಿದಳು, ಚಹಾ ಮಾಡಿದಳು. ಸೊರಗಿರಲಿಲ್ಲ. ಸ್ವಲ್ಪ ಕಪ್ಪಾಗಿದ್ದಳು.

ಅರ್ಜಿ ಕೊಟ್ಟೆ. "ಇಲ್ಲಿ ಸಹಿ ಮಾಡು. ಫೀ ನಾ ಕಟ್ಟತೇನಿ. ಪರೀಕ್ಷಾ ಆಗೂ ತನಾ ನಮ್ಮನ್ಯಾಗ ಇರು. ಯಾರು ಏನರ ಅನ್ಲಿ."

ಆಕೆ ಅರ್ಜಿಯನ್ನು ಮೇಲಿಂದ ಕೆಳಗೆ ಓದಿದಳು. ಓದಿ ನನ್ನ ಮುಂದೆ ಇಟ್ಟಳು.

"ಬ್ಯಾಡ್ರಿ, ಅತ್ತಿ."

ನನಗೆ ಕೇಳಿಸಲಿಲ್ಲ ಅಂದುಕೊಂಡು ಇನ್ನೊಂದು ಸಲ, "ನಾ ಒಲ್ಲೆ" ಅಂದಳು.

"ಅಪ್ಪ ಮಾತು ಕೊಟ್ಟಾನಂತನ? ನಾ ಮಾತಾಡ್ತೇನಿ ಆತನ ಕೂಡ."

"ಅಪ್ಪನ ಮಾತಲ್ರಿ. ನಂದ. ಮತ್ತೊಮ್ಮಿ ಪೆನ್ಸಿಲ್ ಚೂಪ ಮಾಡ್ಕೊಂಡು, ಆ ದಿನಾ ಬಂದಾಗ ಹೋಗಾಕ ಬಿಡ್ತಾರೋ ಇಲ್ಲೋ ಅಂತ ಅಡಗಿಮನ್ಯಾಗ ಕುಂತು ಕಿವಿ ಕೊಡೂದು ನನ್ನ ಕೈಲೆ ಆಗೂದಿಲ್ಲ. ಬಾಗೇವಾಡಿಯಾಗ ನನ್ನ ಕಡಿಂದ ಯಾರೂ ಏನೂ ಆಸಿ ಇಟ್ಕೊಂಡಿಲ್ಲ. ಅದ ಚಲೋ ಐತಿ."

"ಫಿರೋಜ ಏನಂತಿದ್ದ, ನೆನಪೈತಿಲ್ಲೋ?"

"ಐತ್ರಿ" ಅಂದಳು. "ಅದಕ್ಕ ಒಲ್ಲೆ ಅನ್ನಾಕತ್ತೇನಿ."

ತಲೆ ತಗ್ಗಿಸಲಿಲ್ಲ. ನನ್ನ ಕಣ್ಣನ್ನೇ ನೋಡಿ ಅಂದಳು. ಆಕೆಯ ಕಣ್ಣು ಸ್ವಲ್ಪ ಕಂದು ಬಣ್ಣದವು. ಮೂರು ವರ್ಷ ಒಂದೇ ಮನೆಯಲ್ಲಿದ್ದರೂ ನಾನು ನೋಡಿರಲಿಲ್ಲ. ಚಹಾ ಕುಡಿದೆ. ಸಕ್ಕರೆ ಸರಿಯಾಗಿತ್ತು. ಬಸ್ಸಿನ ತನಕ ಬಂದು ಬಿಟ್ಟಳು.

ಸಿಟ್ಟು ಬರಬೇಕಿತ್ತು. ಸಿಂದಗಿಯ ತನಕ ಕಾದೆ, ಬರಲಿಲ್ಲ. ಹೀಗೆ ಅನ್ನಲಿಕ್ಕೆ ಬರುವವಳು ಮೌಲಾನಾರ ಮುಂದೆ ಪರದೆ ಸರಿಸಿ ಬಂದು ಅನ್ನಬೇಕಿತ್ತು. ನಾನೇನು ಬಾಯಿ ಕಟ್ಟಿದ್ದೆನೇ?

ಆಗಸ್ಟ್ ೨೬

ಮೇಡಂಗೆ ಫೋನ್ ಮಾಡಿ, ಅರ್ಜಿ ಬರುವುದಿಲ್ಲ ಅಂತ ಹೇಳಿದೆ.

"ಈ ಸಲಾನೂ ನೀವು ಬಿಡಲಿಲ್ಲೇನ್ರಿ, ಅಮ್ಮಾರ?" ಅಂದಳು.

"ಇಲ್ರಿ. ಆಕಿನ ಒಲ್ಲೆ ಅಂದ್ಲು."

"ಹೂಂ. ಇರ್ಲಿ ಬಿಡ್ರಿ."

"ನಾ ಕೊಲ್ಹಾರಕ್ಕ ಹೋಗಿದ್ದೆ. ನಾನ ಹೋಗಿ ಕೇಳಿದೆ."

"ಇರ್ಲಿ ಬಿಡ್ರಿ, ಅಮ್ಮಾರ" ಅಂತ ಇಟ್ಟಳು.

ಆಕೆ ನಂಬಲಿಲ್ಲ. ಫೋನ್ ಕೈಯಲ್ಲಿ ಹಿಡಿದು ನಿಂತೇ ಇದ್ದೆ. ಸರ್ಫರಾಜನಿಗೆ ಹೇಳಿದೆ. ಅವನೂ ನಂಬಲಿಲ್ಲ.